ಅರಿಶಿನ ಕುಂಕುಮದ ಹೊಲ ಮತ್ತು ಕುವೈತಿನ ಬೇಟೆಗಾರ

೧೯೯೦ನೇ ಇಸವಿಯ ಫೆಬ್ರುವರಿ ತಿಂಗಳು. ಆಗ ನಾವು ಕುವೈತಿನ ಅರ್ದಿಯಾದಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ನಮ್ಮ ಮನೆಯವರು ಸುಲೈಬಿಯಾದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಟೆಕ್ನಿಷಿಯನ್. ತರಕಾರಿ, ಮಾಂಸ ಇಡುವ ದೊಡ್ಡ ದೊಡ್ಡ ಕೋಣೆಗಳ ತಂಪು ಹೋಗದಂತೆ ನೋಡಿಕೊಳ್ಳುವುದು ಅವರ ಕೆಲಸ. ನನಗೆ ಆಗ ಇಪ್ಪತ್ತೊಂಬತ್ತು ವರ್ಷ. ಈಗ ಮೂವತ್ತು ವರ್ಷಗಳ ಮೇಲಾಯಿತು. ಆದರೂ ಆ ವರ್ಷ ನಡೆದದ್ದು ನೆನಪಾದರೆ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟು ಒಂದು ಲೋಟ ನೀರು ಕುಡಿಯುತ್ತೇನೆ. ಇಲ್ಲದಿದ್ದರೆ ಸಿಟ್ಟು ಚಪಾತಿಯ ಮೇಲೆ ಹೋಗುತ್ತದೆ.

ಮೊದಲು ಹೊಲದ ವಿಷಯ ಹೇಳಬೇಕು. ಗದಗಿನ ಆಚೆ ಎರೆ ಸೀಮೆಯಲ್ಲಿ ನನ್ನ ತವರು. ಕಣ್ಣು ಹಾಯಿಸಿದಷ್ಟು ದೂರ ಕಪ್ಪು ನೆಲ, ಗಿಡಮರ ಕಡಿಮೆ. ನನ್ನ ಮದುವೆಗೆ ಮುಂಚೆ ಅಪ್ಪ ಊರಿನ ಪಡುವಣ ದಿಕ್ಕಿನ ನಾಲ್ಕು ಎಕರೆಯನ್ನು ನನ್ನ ಹೆಸರಿಗೆ ಬರೆದುಕೊಟ್ಟಿದ್ದ. ನಮ್ಮ ಕಡೆ ಇದಕ್ಕೆ ಅರಿಶಿನ ಕುಂಕುಮಕ್ಕೆ ಕೊಟ್ಟ ಹೊಲ ಎನ್ನುತ್ತಾರೆ. ಅದರ ಬೆಳೆ ಹೆಣ್ಣುಮಗಳಿಗೆ. ಗಂಡ ಅದರ ಮೇಲೆ ಕೈಯಿಡುವ ಹಾಗಿಲ್ಲ, ಅಣ್ಣತಮ್ಮಂದಿರೂ ಕೇಳುವ ಹಾಗಿಲ್ಲ. ನಾನು ಗಂಡನ ಮನೆಗೆ ಹೊರಟ ದಿನ ಅಪ್ಪ ಹೇಳಿದ್ದು ಇಷ್ಟೇ: “ಯಾರ ಮುಂದೂ ಕೈ ಒಡ್ಡಬ್ಯಾಡ. ಅದಕ್ಕ ಐತಿ ಇದು.” ಮದುವೆಯಾದ ಎರಡನೇ ವರ್ಷಕ್ಕೆ ಅಪ್ಪ ತೀರಿಕೊಂಡ. ಆ ಮೇಲೆ ಆ ಹೊಲದ ಮೇಲೆ ನನಗೆ ಇನ್ನೂ ಜೀವ.

ಹೊಲಕ್ಕೆ ಅಂಟಿಕೊಂಡು ಹುಲ್ಲುಗಾವಲಿತ್ತು. ಅಲ್ಲಿಗೆ ಒಂದು ಹಕ್ಕಿ ಬರುತ್ತಿತ್ತು. ನಿಂತರೆ ನನ್ನ ಸೊಂಟದ ಎತ್ತರ. ಬಿಳಿ ಕುತ್ತಿಗೆ, ತಲೆಯ ಮೇಲೆ ಕರಿ ಟೊಪ್ಪಿಗೆ ಇಟ್ಟ ಹಾಗೆ, ನಡಿಗೆ ಮಾತ್ರ ಊರ ಗೌಡರದ್ದು. ನಾವು ಅದನ್ನು ಎರೆಭೂತ ಎನ್ನುತ್ತೇವೆ. ಬೆಳಗಿನ ಮಬ್ಬಿನಲ್ಲಿ ಕಪ್ಪು ನೆಲದ ಮೇಲೆ ಅದು ತಟ್ಟನೆ ಎದ್ದು ನಿಂತರೆ ಎಂಥವರಿಗೂ ಎದೆ ಝಲ್ ಎನ್ನುತ್ತದೆ. ಇಡುವುದು ಒಂದೇ ತತ್ತಿ, ಅದೂ ಬರಿ ನೆಲದ ಮೇಲೆ. ಬೆಳೆಯ ಸಾಲುಗಳ ನಡುವಿನ ಕಸ ತೆಗೆಯಲು ಎಡೆ ಹೊಡೆಯುವಾಗ ತತ್ತಿ ಕಂಡರೆ ಅಪ್ಪ ಎತ್ತು ನಿಲ್ಲಿಸಿ, ಕುಂಟೆ ಎತ್ತಿ ಹಿಡಿದು, ಸುತ್ತು ಹಾಕಿ ಮುಂದೆ ಹೋಗುತ್ತಿದ್ದ. ಅಷ್ಟು ಜಾಗದಲ್ಲಿ ಆ ವರ್ಷ ಕಸ ಬೆಳೆಯುತ್ತಿತ್ತು. ಅವ್ವ ಗೊಣಗುತ್ತಿದ್ದಳು, ಅಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ.

ಇನ್ನು ನಮ್ಮ ಮನೆಯವರು. ಒಳ್ಳೆಯ ಮನುಷ್ಯ, ಒಳ್ಳೆಯ ಕೆಲಸಗಾರ. ಆದರೆ ಬಾಯಿ ತೆರೆದರೆ ಎಲ್ಲವೂ ‘ನಮ್ಮದು’. ನಮ್ಮ ಬಸ್ಸು, ನಮ್ಮ ಗುಡ್ಡ, ನಮ್ಮ ಎಮ್ಮೆಲ್ಲೆ. ನಮ್ಮ ಸೀಮೆಯ ಮಾತೇ ಹಾಗೆ. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ, ಕೇಳುವವನಿಗೂ ಗುಡ್ಡ ಯಾರದೆಂದು ಗೊತ್ತಿರುತ್ತದೆ. ಪರದೇಶದಲ್ಲಿ ಅದೇ ಚಾಳಿ ಕುತ್ತಿಗೆಗೆ ಬಂತು.

ಚಳಿಗಾಲದಲ್ಲಿ ಕುವೈತಿಗಳು ಮರುಭೂಮಿಯಲ್ಲಿ ಡೇರೆ ಹಾಕಿ ವಾರಗಟ್ಟಲೆ ಇರುತ್ತಾರೆ. ನಮ್ಮವರ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಯಜಮಾನ, ಹಾಗೆ ಡೇರೆ ಹಾಕಿದ್ದ. ಅಲ್ಲಿ ಜನರೇಟರ್ ಕೆಟ್ಟಿತೆಂದು ಒಂದು ಶುಕ್ರವಾರ ನಮ್ಮವರನ್ನು ಕರೆಸಿಕೊಂಡ. ಕಫೀಲನಿಗೆ ಗಿಡುಗ ಬಿಟ್ಟು ಬೇಟೆಯಾಡುವ ಹುಚ್ಚು. ಪ್ರತಿ ವರ್ಷ ಅದಕ್ಕಾಗಿಯೇ ಪಾಕಿಸ್ತಾನಕ್ಕೆ ಹೋಗುತ್ತಿದ್ದ, ಹಾಗಾಗಿ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಜನರೇಟರ್ ಸರಿಯಾದ ಮೇಲೆ ನಮ್ಮವರಿಗೆ ಚಹಾ ಕೊಟ್ಟು, ಖುಷಿಯಲ್ಲಿ ತನ್ನ ಬೇಟೆಯ ಫೋಟೊಗಳನ್ನು ತೋರಿಸಿದ. ಒಂದರಲ್ಲಿ ಸತ್ತ ಹಕ್ಕಿಗಳನ್ನು ಸಾಲಾಗಿ ಮಲಗಿಸಿ ಪಕ್ಕದಲ್ಲಿ ಮಂಡಿಯೂರಿ ಕುಳಿತಿದ್ದ. ಅವರು ಹುಬಾರಾ ಎನ್ನುವ ಆ ಹಕ್ಕಿ ನೋಡಲು ನಮ್ಮ ಎರೆಭೂತದ ತಮ್ಮನ ಹಾಗೆಯೇ ಇದೆ. ನಮ್ಮವರಿಗೆ ಊರೇ ಕಣ್ಣ ಮುಂದೆ ಬಂತಂತೆ. ಫೋಟೊದ ಮೇಲೆ ಬೆರಳು ಕುಟ್ಟಿ “ಹಕ್ಕಿ, ಹಕ್ಕಿ! ನಮ್ಮ ಹೊಲದ ಹಕ್ಕಿ!” ಎಂದು ಕನ್ನಡದಲ್ಲೇ ಕೂಗಿಬಿಟ್ಟರಂತೆ. ಆಮೇಲೆ ತಮಗೆ ಬಂದ ಹಿಂದಿಯಲ್ಲಿ, ನಮ್ಮ ಹೊಲದಲ್ಲಿ ಇದರ ಮೂರು ಪಟ್ಟು ದೊಡ್ಡದು ಅಡ್ಡಾಡುತ್ತದೆ, ಯಾರೂ ಹೊಡೆಯುವುದಿಲ್ಲ, ಮನುಷ್ಯರನ್ನು ಕಂಡರೆ ಓಡುವುದೂ ಇಲ್ಲ ಎಂದು ಕೈ ಎತ್ತರಕ್ಕೆ ಹಿಡಿದು ತೋರಿಸಿದರಂತೆ.

ಮನೆಗೆ ಬಂದು ಇದನ್ನೆಲ್ಲ ಅಭಿನಯ ಮಾಡಿ ತೋರಿಸಿದರು. ಕಫೀಲ್ ಬೆನ್ನು ತಟ್ಟಿ ಪಕ್ಕದಲ್ಲಿ ಕೂರಿಸಿಕೊಂಡ ಎಂದು ಹಿಗ್ಗಿ ಹೀರೇಕಾಯಿಯಾಗಿದ್ದರು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕಿದ್ದೆ.

ಹದಿನೈದು ದಿನಕ್ಕೆ ಕಫೀಲ್ ನಮ್ಮ ಮನೆಗೇ ಬಂದ. ಕಫೀಲ್ ಎಂಬ ಮನುಷ್ಯ ಕೆಲಸಗಾರನ ಫ್ಲ್ಯಾಟಿಗೆ ಬರುವುದೆಂದರೆ ಏನು! ಇಡೀ ಬಿಲ್ಡಿಂಗಿನವರು ಬಾಗಿಲು ಸಂದಿಯಿಂದ ನೋಡುತ್ತಿದ್ದರು. ಖರ್ಜೂರದ ದೊಡ್ಡ ಡಬ್ಬಿ, ಅತ್ತರಿನ ಬಾಟಲಿ ತಂದಿದ್ದ. ಜೊತೆಗೆ ಮೂರ್ತಿ ಎಂಬವರನ್ನು ಕರೆತಂದಿದ್ದ. ಅವರು ಮೈಸೂರು ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಕನ್ನಡದವರು ಸೇರಿದ ಕಡೆಯೆಲ್ಲ ಅವರ ಮಾತಿಗೆ ಬೆಲೆ. ಕಫೀಲನ ಲೆಕ್ಕಪತ್ರ ಅವರ ಬ್ಯಾಂಕಿನಲ್ಲೇ ಇತ್ತು.

ನಾನು ಚಹಾ, ಚುರುಮುರಿ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಮಾತು ಕೇಳುತ್ತಾ ಹೋದ ಹಾಗೆ ವಿಷಯ ತಿಳಿಯಿತು. ಕಫೀಲನಿಗೆ ಬೇಟೆಗೆ ಒಂದು ಜಾಗ ಬೇಕು. ಪಾಕಿಸ್ತಾನದಲ್ಲಿ ಹಕ್ಕಿ ಕಡಿಮೆಯಾಗಿವೆ. ಇವರ ಹೊಲ ಸಿಕ್ಕರೆ ಬೇಲಿ ಹಾಕಿಸಿ, ಒಂದು ಬಂಗಲೆ ಕಟ್ಟಿಸಿ, ವರ್ಷಕ್ಕೊಮ್ಮೆ ಗೆಳೆಯರನ್ನೂ ಗಿಡುಗಗಳನ್ನೂ ಕರೆದುಕೊಂಡು ಬರುತ್ತಾನೆ. ಪರದೇಶದವನಿಗೆ ಇಂಡಿಯಾದಲ್ಲಿ ಹೊಲ ಕೊಳ್ಳಲು ಬರುವುದಿಲ್ಲವೆಂದು ಮೂರ್ತಿಗಳು ಉಪಾಯ ಹುಡುಕಿದ್ದರು. ಹೊಲ ಮೊದಲು ನಮ್ಮವರ ಹೆಸರಿಗೆ ಬರಬೇಕು, ಸುತ್ತಲಿನ ಹೊಲಗಳನ್ನೂ ಅವರ ಹೆಸರಿನಲ್ಲೇ ಕೊಳ್ಳಬೇಕು. ಹೆಸರು ಇವರದು, ಬೇಟೆ ಕಫೀಲನದು. ಅಷ್ಟಕ್ಕೆ ನಾನು ಒಂದು ಮುಖತ್ಯಾರ ಪತ್ರಕ್ಕೆ ಸಹಿ ಹಾಕಬೇಕು. ನನ್ನ ಹೊಲವನ್ನು ನನ್ನ ಗಂಡ ಏನು ಬೇಕಾದರೂ ಮಾಡಬಹುದು ಎಂಬ ಕಾಗದ.

ಅಷ್ಟು ಹೊತ್ತು ಕಫೀಲ್ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಪರಹೆಂಗಸನ್ನು ನೋಡದಿರುವುದು ಅವರಲ್ಲಿ ಮರ್ಯಾದೆ, ಅದು ನನಗೂ ಗೊತ್ತು. ಆದರೆ ಮಾತಿನಲ್ಲೂ ನಾನಿರಲಿಲ್ಲವಲ್ಲ! ನಮ್ಮವರಿಗೆ ‘ನಿನ್ನ ಹೊಲ, ನಿನ್ನ ಹೊಲ’ ಎನ್ನುತ್ತಿದ್ದ. ಈ ಮಹಾನುಭಾವರು ಕತ್ತು ಬಗ್ಗಿಸಿಕೊಂಡು ಕುಳಿತಿದ್ದರು. ಅದು ನನ್ನದಲ್ಲ ಎಂಬ ಒಂದು ಮಾತು ಬಾಯಿಂದ ಬರಲಿಲ್ಲ.

ಮೂರ್ತಿಗಳು ನನ್ನ ಕಡೆ ತಿರುಗಿ ನಯವಾಗಿ ಹೇಳಿದರು. “ನೋಡಿ ಗಿರಿಜಮ್ಮ, ಇದು ಬರೀ ಫಾರ್ಮಾಲಿಟಿ. ಆ ನಾಲ್ಕೆಕರೆ ಇಟ್ಕೊಂಡು ನೀವೇನ್ ಮಾಡ್ತೀರ? ಇಲ್ಲಿ ನಿಮ್ಮ ಯಜಮಾನ್ರ ಕೆಲಸ ಗಟ್ಟಿ ಆಗತ್ತೆ.”

ನನಗೆ ಮೈಯೆಲ್ಲ ಉರಿದುಹೋಯಿತು. “ಹಂಗಿದ್ರ ನಿಮ್ಮ ಮೈಸೂರಿನ ಸೈಟ್ ಬರಕೊಡ್ರಲ್ಲ. ಅಲ್ಲೂ ಗುಬ್ಬಿ ಇರತಾವ, ಹೊಡೀಲಿ” ಎಂದೆ. ನಮ್ಮವರು ಕಣ್ಣು ಬಿಟ್ಟರು. ಕಫೀಲ್ ಏನೆಂದು ಕೇಳಿದ. ಅವರಿಗೆ ಯೋಚನೆ ಮಾಡಲು ಸ್ವಲ್ಪ ಟೈಮ್ ಬೇಕಂತೆ ಎಂದು ಮೂರ್ತಿಗಳು ಅರ್ಥ ಹೇಳಿದರು. ಎಂಥ ಚೆಂದದ ಅನುವಾದ!

ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಬಾಯಿಗೆ ಬಂದಂತೆ ಅಂದೆ. ಅವರೂ ಬಿಡಲಿಲ್ಲ. ಇಕಾಮಾ, ಅಂದರೆ ಈ ದೇಶದಲ್ಲಿ ಇರುವ ಪರವಾನಗಿ, ಆ ಮನುಷ್ಯನ ಕೈಯಲ್ಲಿದೆ, ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿದೆ, ನಾಳೆ ಖಲಾಸ್ ಎಂದರೆ ಗಂಟುಮೂಟೆ ಕಟ್ಟಬೇಕು, ನಿನಗೇನು ಹೊಲದ ಧ್ಯಾನ ಎಂದರು. ಆ ಹಕ್ಕಿಯನ್ನು ಹೊಡೆದರೆ ನಮ್ಮ ದೇಶದಲ್ಲಿ ಜೈಲು, ಕಾಗದದಲ್ಲಿ ನಿಮ್ಮ ಹೆಸರಿರುತ್ತದೆ, ಜೈಲಿಗೆ ಹೋಗುವವರು ಯಾರು ಎಂದು ಕೇಳಿದೆ. ಅವರೂ ಹೆದರಿದ್ದರು, ಈಗ ಅನ್ನಿಸುತ್ತದೆ. ಆಗ ನನಗೆ ಅದು ಕಾಣಲಿಲ್ಲ.

ರಂಜಾನ್ ಬಂದದ್ದರಿಂದ ಒಂದು ತಿಂಗಳು ವಿಷಯ ನಿಂತಿತು. ಹಬ್ಬ ಕಳೆದು ಆಫೀಸುಗಳು ತೆರೆದ ಕೂಡಲೇ ಸಹಿಯಾಗಬೇಕು ಎಂದು ಕಫೀಲ್ ಹೇಳಿ ಕಳಿಸಿದ. ಸಹಿಯಾದರೆ ಜೂನ್ ತಿಂಗಳ ರಜೆಗೆ ಪಾಸ್‌ಪೋರ್ಟ್ ಕೊಡುತ್ತಾನಂತೆ. ಆಗದಿದ್ದರೆ ನೋಡೋಣವಂತೆ. ಕಾಗದ ಟೈಪಾಗಿ ನಮ್ಮ ಟಿವಿಯ ಮೇಲೆ ಬಂದು ಕುಳಿತಿತ್ತು. ನಾನು ದಿನಾ ಧೂಳು ಒರೆಸುವಾಗ ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಈದ್ ಹಬ್ಬದ ದಿನ ಕೆಲಸದವರು ಕಫೀಲನ ಮನೆಗೆ ಹೋಗಿ ಶುಭಾಶಯ ಹೇಳುವ ರೂಢಿ. ಗಂಡಸರು ದಿವಾನಿಯಾ ಎಂಬ ಹೊರಗಿನ ಹಜಾರದಲ್ಲಿ ಕೂರುತ್ತಾರೆ. ಪ್ರತಿ ವರ್ಷ ನಮ್ಮವರೊಬ್ಬರೇ ಹೋಗುತ್ತಿದ್ದರು. ಆ ವರ್ಷ ನಾನೂ ಬರುತ್ತೇನೆ ಎಂದೆ. ಅವರಿಗೆ ಅನುಮಾನ ಬಂತು. ಬೇಡವೆನ್ನಲು ಧೈರ್ಯ ಬರಲಿಲ್ಲ. ಶೇಂಗಾ ಹೋಳಿಗೆ ಮಾಡಿಕೊಂಡು ಇಳಕಲ್ ಸೀರೆ ಉಟ್ಟುಕೊಂಡು ಹೊರಟೆ.

ಹೆಂಗಸರ ಕಡೆ ಒಳಗೆ ಹೋದರೆ ಕಫೀಲನ ತಾಯಿ ಕುಳಿತಿದ್ದರು. ಎಂಬತ್ತರ ಹತ್ತಿರದ ಮುದುಕಿ, ಗಲ್ಲದ ಮೇಲೆ ಹಚ್ಚೆ, ಕಣ್ಣು ಮಾತ್ರ ಸೂಜಿಯಷ್ಟು ಚುರುಕು. ನಾನು ಸನ್ನೆಯಲ್ಲಿ ಮಾತಾಡಬೇಕೆಂದು ಲೆಕ್ಕ ಹಾಕಿ ಹೋಗಿದ್ದೆ. ಅಜ್ಜಿ ನನ್ನ ಸೀರೆಯ ಸೆರಗು ಮುಟ್ಟಿ ನೋಡಿ “ಆವೋ ಬಾಯಿ, ಬೈಠೋ” ಎಂದರು. ಬೊಂಬಾಯಿ ಹಿಂದಿ! ಅವರ ಗಂಡ ಹಳೆಯ ಕಾಲದಲ್ಲಿ ಹಡಗಿನಲ್ಲಿ ಮುತ್ತು, ಖರ್ಜೂರ ತಂದು ಬೊಂಬಾಯಿಯಲ್ಲಿ ಮಾರುತ್ತಿದ್ದನಂತೆ. ಮದುವೆಯಾದ ಹೊಸದರಲ್ಲಿ ಅಜ್ಜಿ ಆರು ವರ್ಷ ಅಲ್ಲೇ ಇದ್ದರಂತೆ. ತೈಲ ಸಿಗುವ ಮುಂಚೆ ನಾವೇ ನಿಮ್ಮ ದೇಶಕ್ಕೆ ಹೊಟ್ಟೆಪಾಡಿಗೆ ಬರುತ್ತಿದ್ದೆವು, ಈಗಿನ ಹುಡುಗರಿಗೆ ಅದು ಮರೆತುಹೋಗಿದೆ ಎಂದು ನಕ್ಕರು.

ನಾನು ಹೋಳಿಗೆ ಕೊಟ್ಟು ಹೊಲದ ವಿಷಯ ತೆಗೆದೆ. ಅಜ್ಜಿಗೆ ಅರ್ಧ ಗೊತ್ತಿತ್ತು. ಇಂಡಿಯಾದಲ್ಲಿ ಬೇಟೆಗೆ ಜಾಗ ಸಿಕ್ಕಿದೆ ಎಂದು ಮಗ ಹೇಳಿದ್ದ. “ನಿನ್ನ ಗಂಡನದೇ ಜಮೀನು ಅಂತಲ್ಲ. ಫೋಟೊ ನೋಡಿ ಅವನೇ ಹೇಳಿದನಂತೆ, ಹಕ್ಕಿ, ಹಕ್ಕಿ ಅಂತ” ಎಂದರು.

ನನಗೆ ತಿಳಿಯಲಿಲ್ಲ. ಹಕ್ಕಿ ಅಂದರೆ ನಮ್ಮ ಭಾಷೆಯಲ್ಲಿ ಚಿಡಿಯಾ ಎಂದೆ. ಅಜ್ಜಿ ಒಂದು ಗಳಿಗೆ ನನ್ನನ್ನೇ ನೋಡಿ, ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು ವಿವರಿಸಿದರು. ಅರಬ್ಬಿಯಲ್ಲಿ ‘ಹಕ್ಕಿ’ ಅಂದರೆ ನನ್ನದು. ನನ್ನ ಹಕ್ಕಿನದು. ಕುವೈತಿಗಳ ಬಾಯಲ್ಲಿ ಅದು ‘ಹಗ್ಗಿ’ ಆಗುತ್ತದೆ, ನಮ್ಮಂಥ ಕೆಲಸಕ್ಕೆ ಬಂದವರು ಹೇಳುವಾಗ ಹಕ್ಕಿಯೇ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮವರು ಬೆರಳು ಕುಟ್ಟಿ ಹಕ್ಕಿ ಹಕ್ಕಿ ಎಂದಿದ್ದಾರೆ. ಆತ ನನ್ನದು ನನ್ನದು ಎಂದು ಕೇಳಿಸಿಕೊಂಡಿದ್ದಾನೆ. ಅದರ ಮೇಲೆ ಇವರ ‘ನಮ್ಮ ಹೊಲ’ ಬೇರೆ. ಅಷ್ಟರ ಮೇಲೆ ಬೇಲಿ, ಬಂಗಲೆ, ಮುಖತ್ಯಾರ ಪತ್ರ ಎಲ್ಲ ಎದ್ದು ನಿಂತಿವೆ!

ಆ ಹೊಲ ಗಂಡನದಲ್ಲ, ನನ್ನ ಅಪ್ಪ ಮದುವೆಯಲ್ಲಿ ನನಗೆ ಕೊಟ್ಟದ್ದು, ನಮ್ಮಲ್ಲಿ ಅದನ್ನು ಗಂಡ ಮುಟ್ಟುವ ಹಾಗಿಲ್ಲ ಎಂದೆ. ಅಜ್ಜಿಯ ಮುಖದಲ್ಲಿದ್ದ ನಗು ಹೋಯಿತು. ನಮ್ಮಲ್ಲೂ ಹಾಗೆಯೇ, ಮದುವೆಯಲ್ಲಿ ಹೆಣ್ಣಿಗೆ ಬಂದದ್ದು ಹೆಣ್ಣಿನದೇ, ಧರ್ಮವೇ ಹಾಗೆ ಹೇಳುತ್ತದೆ ಎಂದರು. ಆಮೇಲೆ ತಮ್ಮ ಕಥೆ ಹೇಳಿದರು. ಅವರ ಅಪ್ಪನೂ ಮದುವೆಯಲ್ಲಿ ಬಸ್ರಾ ಕಡೆ ನದಿ ದಂಡೆಯ ಖರ್ಜೂರದ ತೋಟ ಕೊಟ್ಟಿದ್ದನಂತೆ. ಬೊಂಬಾಯಿಯಲ್ಲಿದ್ದಾಗ ಗಂಡ ಒಂದು ಕಾಗದ ತಂದು ಹೆಬ್ಬೆಟ್ಟು ಒತ್ತಿಸಿಕೊಂಡ. ಏನೆಂದು ಇವರು ಕೇಳಲಿಲ್ಲ, ಅವನು ಹೇಳಲಿಲ್ಲ. ಮುಂದಿನ ಸುಗ್ಗಿಗೆ ತೋಟದ ಖರ್ಜೂರ ಮನೆಗೆ ಬರದಿದ್ದಾಗಲೇ ಗೊತ್ತಾದದ್ದು.

ಅಜ್ಜಿ ತಮ್ಮ ಬಲಗೈ ಹೆಬ್ಬೆರಳನ್ನು ನನ್ನ ಮುಂದೆ ಹಿಡಿದರು. “ಅಂಗೂಠಾ ಮತ್ ಲಗಾನಾ, ಬೇಟಿ” ಎಂದರು, ಹೆಬ್ಬೆಟ್ಟು ಒತ್ತಬೇಡ ಮಗಳೇ ಎಂದು. ಅರವತ್ತು ವರ್ಷದ ಸಿಟ್ಟು ಆ ಮುದುಕಿಯ ಬೆರಳಿನಲ್ಲಿ ಹಾಗೇ ಇತ್ತು.

ಆಮೇಲೆ ದಿವಾನಿಯಾದಿಂದ ಮಗನನ್ನು ಕರೆಸಿದರು. ನಾನು ಎದ್ದು ಪಕ್ಕದ ಕೋಣೆಗೆ ಸರಿದೆ. ಅಜ್ಜಿ ದನಿ ಎತ್ತರಿಸಲಿಲ್ಲ. ಅರಬ್ಬಿಯಲ್ಲಿ ಏನು ಹೇಳಿದರೋ ನನಗೆ ತಿಳಿಯದು. ನಡುನಡುವೆ ಬಸ್ರಾ ಎಂಬ ಹೆಸರು ಮಾತ್ರ ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದರೆ ಐವತ್ತು ವರ್ಷದ ಆ ದೊಡ್ಡ ಮನುಷ್ಯ ತಲೆ ತಗ್ಗಿಸಿ, ಆಗಲಿ ಉಮ್ಮಾ, ಖಲಾಸ್ ಉಮ್ಮಾ ಎನ್ನುತ್ತಿದ್ದ.

ಮನೆಗೆ ಬಂದು ಟಿವಿಯ ಮೇಲಿದ್ದ ಕಾಗದವನ್ನು ನಾಲ್ಕು ತುಂಡು ಮಾಡಿದೆ. ನಮ್ಮವರಿಗೆ ಹಕ್ಕಿಯ ಅರ್ಥ ಹೇಳಿದೆ. ಅವರು ಹಣೆ ಚಚ್ಚಿಕೊಂಡು ನಗಲು ನೋಡಿದರು. ನಾನು ನಗಲಿಲ್ಲ. “ನೀವು ಹಕ್ಕಿ ಅಂದ್ರಿ, ಅಂವ ತಪ್ಪು ತಿಳಕೊಂಡ. ಅದು ಬಿಡ್ರಿ. ಮನಿಗೆ ಬಂದು ಕುಂತು ನಿನ್ನ ಹೊಲ ಅಂದಾಗ ಯಾಕ ಸುಮ್ಮನ ಕುಂತ್ರಿ?” ಎಂದು ಕೇಳಿದೆ. ಅವರು ಎದ್ದು ಹೋಗಿ ಬಾತ್‌ರೂಮಿನ ನಲ್ಲಿ ರಿಪೇರಿ ಮಾಡತೊಡಗಿದರು. ಆ ನಲ್ಲಿ ಕೆಟ್ಟೇ ಇರಲಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡೆ. ತಾಯಿಯ ಎದುರು ತಲೆ ತಗ್ಗಿಸಿದ ಕಫೀಲ್ ಆ ಅವಮಾನವನ್ನು ನಮ್ಮವರ ಮೇಲೆ ತೀರಿಸಿಕೊಂಡ. ಮರುವಾರವೇ ಅವರನ್ನು ಸುಲೈಬಿಯಾದಿಂದ ತೆಗೆದು ಮೀನಾ ಅಬ್ದುಲ್ಲಾಕ್ಕೆ ಹಾಕಿದ. ಅಲ್ಲಿ ರಿಫೈನರಿಯ ಗುತ್ತಿಗೆ ಕೆಲಸಗಾರರ ಕ್ಯಾಂಪಿನಲ್ಲಿ ಏಸಿ, ಫ್ರಿಜ್ ರಿಪೇರಿ. ಮೇ ತಿಂಗಳ ಬಿಸಿಲಲ್ಲಿ ತಗಡಿನ ಮೇಲೆ ಹತ್ತಿ ಕೆಲಸ. ಎಂಟು ದಿನಕ್ಕೊಮ್ಮೆ ಮನೆಗೆ ಬಂದರೆ ಮುಖ ಸುಟ್ಟ ಬದನೆಕಾಯಿಯಾಗಿರುತ್ತಿತ್ತು. ಜೂನ್ ಬಂತು, ಪಾಸ್‌ಪೋರ್ಟ್ ಬರಲಿಲ್ಲ. ಕೇಳಿದರೆ ನಾಳೆ, ಇನ್‌ಶಾ ಅಲ್ಲಾ. ಜುಲೈನಲ್ಲಿ ಕಫೀಲ್ ಹೆಂಡತಿ ಮಕ್ಕಳೊಡನೆ ಲಂಡನ್ನಿಗೆ ತಂಪು ಹುಡುಕಿಕೊಂಡು ಹೋದ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಆ ದಿನಗಳ ಕಷ್ಟವನ್ನು ನನಗಿಂತ ಹೆಚ್ಚು ಅನುಭವಿಸಿದವರಿದ್ದಾರೆ, ನಾನು ಅದನ್ನು ಬೆಳೆಸುವುದಿಲ್ಲ. ನನ್ನ ಸಿಟ್ಟಿನ ಕಾರಣ ಒಂದೇ. ಊರಿಗೆ ಹೋಗಲು ನನ್ನ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು, ನಮ್ಮವರ ಕೈಯಲ್ಲಿ ಇರಲಿಲ್ಲ. ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಹುಡುಕಿದರು, ಸಿಗಲಿಲ್ಲ. ಕೊನೆಗೆ ಅಜ್ಜಿಯ ಮನೆಗೆ ಹೋದರು. ಅಜ್ಜಿ ಮಗನ ಜೊತೆ ಹೋಗದೆ ಕೆಲಸದವಳೊಡನೆ ಅಲ್ಲೇ ಉಳಿದಿದ್ದರು. ಮಗನ ಕಪಾಟುಗಳನ್ನೆಲ್ಲ ತೆರೆಸಿ ನೋಡಿ, ನಿನ್ನ ಪಾಸ್‌ಪೋರ್ಟನ್ನು ಅವನು ಇಂಡಿಯಾದ ಜಮೀನಿನ ಫೈಲಿನಲ್ಲಿ ಇಟ್ಟಿದ್ದ, ಆ ಫೈಲ್ ಕಾಣುವುದಿಲ್ಲ, ಲಂಡನ್ನಿಗೆ ಒಯ್ದಿರಬೇಕು ಎಂದರಂತೆ. ಅಂದರೆ ತಾಯಿಗೆ ಖಲಾಸ್ ಎಂದವನು ಫೈಲು ಬಿಟ್ಟಿರಲಿಲ್ಲ! ನನ್ನ ಗಂಡನ ಪಾಸ್‌ಪೋರ್ಟ್ ಲಂಡನ್ನಿನ ಹೋಟೆಲಿನಲ್ಲಿ, ನನ್ನ ಗಂಡ ಇಲ್ಲಿ ಬಂದೂಕುಗಳ ನಡುವೆ. ಅವತ್ತು ನಾನು ಆ ಮನುಷ್ಯನಿಗೆ ಇಟ್ಟ ಶಾಪವನ್ನು ಇಲ್ಲಿ ಬರೆದರೆ ಅಚ್ಚಾಗುವುದಿಲ್ಲ. ನೀನು ಹೋಗು ಎಂದು ಅವರು ಎಷ್ಟು ಹೇಳಿದರೂ ನಾನು ಕದಲಲಿಲ್ಲ. ಕೊನೆಗೆ ನಮ್ಮ ರಾಯಭಾರ ಕಚೇರಿಯವರು ಕೊಟ್ಟ ಒಂದು ಹಾಳೆಯನ್ನು ಎದೆಗೆ ಅವಚಿಕೊಂಡು, ಬಾಗ್ದಾದ್ ದಾಟಿ, ಜೋರ್ಡಾನಿನ ಡೇರೆಗಳಲ್ಲಿ ಕಾದು, ಸೆಪ್ಟೆಂಬರಿನಲ್ಲಿ ಬೊಂಬಾಯಿ ಸೇರಿದೆವು.

ಮರುವರ್ಷ ಯುದ್ಧ ಮುಗಿದ ಮೇಲೆ ಕೋಲ್ಡ್ ಸ್ಟೋರೇಜಿನಿಂದ ಕರೆ ಬಂತು. ಬೇರೆ ದಾರಿಯಿರಲಿಲ್ಲ, ಹೋದರು. ೧೯೯೧ರ ನವೆಂಬರಿನಲ್ಲಿ ನಾನೂ ಹೋದೆ. ಎಣ್ಣೆ ಬಾವಿಗಳ ಬೆಂಕಿ ಆಗಷ್ಟೇ ಆರಿತ್ತು. ಗೋಡೆ, ಕಿಟಕಿ, ಬಟ್ಟೆ ಒಣಗಿಸುವ ತಂತಿ, ಎಲ್ಲದರ ಮೇಲೂ ಜಿಡ್ಡು ಮಸಿ. ನಾನು ಬಂದ ಎರಡನೇ ವಾರ ಕಫೀಲ್ ಮತ್ತೆ ನಮ್ಮ ಮನೆಗೆ ಬಂದ. ಈ ಸಲ ಒಬ್ಬನೇ. ಕೈಯಲ್ಲಿ ಒಂದು ಫೈಲಿತ್ತು.

ತುಂಬ ಇಳಿದುಹೋಗಿದ್ದ. ತಾಯಿ ಆ ಚಳಿಗಾಲದಲ್ಲೇ ತೀರಿಕೊಂಡರೆಂದು ಹೇಳಿದ. ತಾನು ಲಂಡನ್ನಿನಿಂದ ಬರಲಾಗಲಿಲ್ಲ, ಮಣ್ಣಿಗೂ ಸಿಗಲಿಲ್ಲ ಎಂದ. ನನಗೆ ಆ ಹೆಬ್ಬೆರಳು ನೆನಪಾಯಿತು. ಡೇರೆ ಹಾಕುತ್ತಿದ್ದ ಮರುಭೂಮಿಯಲ್ಲೆಲ್ಲ ಇರಾಕಿನವರು ನೆಲಬಾಂಬು ಹೂತಿದ್ದಾರೆ, ಕಾಲಿಡುವ ಹಾಗಿಲ್ಲ, ತನ್ನ ನೆಲದಲ್ಲಿ ತಾನೇ ನಡೆಯುವ ಹಾಗಿಲ್ಲ ಎಂದ. ಅಷ್ಟು ಹೊತ್ತಿಗೆ ನನ್ನ ಸಿಟ್ಟು ಮುಕ್ಕಾಲು ಇಳಿದಿತ್ತು. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ.

ಆಗ ಅವನು ಫೈಲು ಬಿಚ್ಚಿ ನಮ್ಮವರ ಹಳೆಯ ಪಾಸ್‌ಪೋರ್ಟ್ ತೆಗೆದು ಟೀಪಾಯಿಯ ಮೇಲಿಟ್ಟ. ಇಟ್ಟವನು ಅದರ ಮೇಲಿನ ಅಂಗೈ ತೆಗೆಯಲಿಲ್ಲ. ಇಲ್ಲಿ ಇನ್ನು ಎಷ್ಟು ವರ್ಷ ಬೇಟೆಯಾಗುವುದಿಲ್ಲವೋ ಗೊತ್ತಿಲ್ಲ, ಹಾಗಾಗಿ ಇಂಡಿಯಾದ ಆ ಜಮೀನು ಈಗಲಾದರೂ ಕೊಡು ಎಂದ.

ನಿಜ ಹೇಳುತ್ತೇನೆ, ನನಗೆ ಕೈಯಲ್ಲಿದ್ದ ಚಹಾದ ಲೋಟ ಎಸೆಯಬೇಕೆನ್ನಿಸಿತು. ಏಳು ತಿಂಗಳು ಇವನ ಮನೆ, ನೆಲ, ಊರನ್ನು ಬೇರೆಯವರು ಬಂದು ‘ನಮ್ಮದು’ ಎಂದು ಕುಳಿತಿದ್ದರು. ಅದಕ್ಕಾಗಿ ಇವನು ಅತ್ತಿದ್ದಾನೆ, ಈಗಲೂ ಕಣ್ಣು ಒದ್ದೆಯಾಗಿದೆ. ಅದೇ ಕಣ್ಣಿಟ್ಟುಕೊಂಡು ನನ್ನ ಹೊಲ ಕೇಳುತ್ತಿದ್ದಾನಲ್ಲ! ಅದೂ ಪಾಸ್‌ಪೋರ್ಟಿನ ಮೇಲೆ ಕೈಯಿಟ್ಟುಕೊಂಡು!

ನಮ್ಮವರು ಎಂದಿನಂತೆ ತಲೆ ತಗ್ಗಿಸುತ್ತಾರೆ ಎಂದುಕೊಂಡೆ. ತಗ್ಗಿಸಲಿಲ್ಲ. ಊರಿನಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿದ್ದೇನೆ, ಇದು ರದ್ದಿಗೆ ಹಾಕುವ ಕಾಗದ, ನೀವೇ ಇಟ್ಟುಕೊಳ್ಳಿ ಎಂದರು. ಆಮೇಲೆ ಒಂದು ಉಸಿರು ಎಳೆದುಕೊಂಡು, ಎಂಟು ವರ್ಷದ ಸಂಸಾರದಲ್ಲಿ ನಾನು ಕೇಳಿರದ ಒಂದು ಮಾತು ಹೇಳಿದರು. “ಜಮೀನ್ ಹಮಾರಾ ನಹೀ. ಇಸ್ಕಾ ಹೈ. ಇಸ್ಕೋ ಪೂಛೋ.” ಹೊಲ ನಮ್ಮದಲ್ಲ, ಇವಳದು, ಇವಳನ್ನೇ ಕೇಳಿ ಎಂದು.

ಕಫೀಲ್ ಮೊದಲ ಸಲ ನನ್ನ ಕಡೆ ತಿರುಗಿದ. ಮುಖ ನೋಡಲಿಲ್ಲ, ನನ್ನ ಕಾಲಿನ ಹತ್ತಿರ ನೆಲ ನೋಡುತ್ತಾ ಕಾದ. ನನ್ನ ಮನಸ್ಸಿನಲ್ಲಿ ನೂರು ಮಾತುಗಳಿದ್ದವು. ಅಜ್ಜಿ ಮಾಡಿದ ಹಾಗೆಯೇ ಎದೆಯ ಮೇಲೆ ಕೈಯಿಟ್ಟುಕೊಂಡು ಒಂದೇ ಮಾತು ಹೇಳಿದೆ.

“ಹಕ್ಕಿ.”

ಅವನಿಗೆ ತಿಳಿಯಿತು. ಫೈಲು ಮಡಚಿಕೊಂಡು ಎದ್ದ. ಚಹಾ ಹಾಗೇ ಉಳಿಯಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ, ನಮ್ಮ ತಾಯಿಯೂ ಕೊನೆಯವರೆಗೆ ಬಸ್ರಾ ಬಸ್ರಾ ಎನ್ನುತ್ತಿದ್ದಳಂತೆ ಎಂದು ಯಾರಿಗೂ ಅಲ್ಲದಂತೆ ಹೇಳಿ ಇಳಿದುಹೋದ. ಮುಂದೆ ಹನ್ನೆರಡು ವರ್ಷ ನಮ್ಮವರು ಅವನ ಬಳಿಯೇ ಕೆಲಸ ಮಾಡಿದರು. ಹೊಲದ ಮಾತು ಮತ್ತೆ ಬರಲಿಲ್ಲ.

ಈಗ ನಾವು ಹುಬ್ಬಳ್ಳಿಯಲ್ಲಿದ್ದೇವೆ. ಹೊಲ ಇವತ್ತಿಗೂ ನನ್ನ ಹೆಸರಿನಲ್ಲೇ ಇದೆ. ಈ ಕಥೆಯನ್ನು ನಾನು ಮದುವೆ ಮುಂಜಿಗಳಲ್ಲಿ ನೂರು ಸಲ ಹೇಳಿ ಬೀಗಿದ್ದೇನೆ. ಹೋದ ವರ್ಷ ಊರಿಗೆ ಹೋದಾಗ ಹೊಲಕ್ಕೆ ಹೋಗಿ ನಿಂತೆ. ಹತ್ತು ವರ್ಷದಿಂದ ಅಣ್ಣನ ಮಗ ಅದನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುತ್ತಾನೆ. ಬದುವಿನಿಂದ ಬದುವಿಗೆ ಹತ್ತಿ, ಒಂದು ಗೇಣು ಜಾಗ ಬಿಟ್ಟಿಲ್ಲ, ಹುಳಕ್ಕೆ ಎಣ್ಣೆ ಹೊಡೆದ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು. ಪಕ್ಕದ ಹುಲ್ಲುಗಾವಲೂ ಉಳಿದಿಲ್ಲ. ಎರೆಭೂತ ಬರುತ್ತದೇನೋ ಎಂದು ಕೇಳಿದೆ. “ಹಂಗಂದ್ರ ಏನ್ ಅತ್ತಿ?” ಎಂದ.

ಅವನ ಮೇಲೆ ರೇಗಲು ಬಾಯಿ ತೆರೆದೆ. ಆಗ ನೆನಪಾಯಿತು. ಲಾವಣಿ ಕೊಡುವ ದಿನ ಎಷ್ಟು ಚೀಲ, ಯಾವ ತಿಂಗಳು, ಯಾರ ಗೊಬ್ಬರ ಎಂದು ಎಲ್ಲ ಮಾತಾಡಿದ್ದೆ. ತತ್ತಿ ಕಂಡರೆ ಎತ್ತು ನಿಲ್ಲಿಸಿ ಕುಂಟೆ ಎತ್ತಿ ಹಿಡಿ ಎಂಬ ಅಪ್ಪನ ಒಂದು ಮಾತನ್ನು ಮಾತ್ರ ನಾನು ಅವನಿಗೆ ಹೇಳಿರಲೇ ಇಲ್ಲ.